ಅಡಿಕೆ ರೇಟು ಏರಿತು, ಸ್ಟೀರಿಂಗ್ ಕಿರಿದಾಯಿತು

ಮಲೆನಾಡಿನಲ್ಲಿ ಅಡಿಕೆಗೆ ನಾಲ್ಕು ಕಾಸು ರೇಟು ಬಂತೆಂದರೆ ಮೊದಲು ಮನೆಗೆ ಬಣ್ಣ, ಆಮೇಲೆ ಮಗಳಿಗೆ ಸರ. ಅದೂ ಮುಗಿದು ಉಳಿದರೆ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಮಲಗಿರುವ ಅಜ್ಜನ ಅಂಬಾಸಿಡರಿಗೆ ರೇಸಿಂಗ್ ಸ್ಟೀರಿಂಗ್. ಹನ್ನೆರಡೇ ಇಂಚು, ಕಪ್ಪು ಚರ್ಮ, ಕೆಂಪು ಹೊಲಿಗೆ, ನಡುವೆ ಹಳದಿ ಹಾರ್ನ್ ಗುಂಡಿ. ಬ್ರೇಕ್ ಎಣ್ಣೆ ಸೋರುತ್ತಿರುತ್ತದೆ, ವೈಪರ್ ಅರ್ಧ ದಾರಿಯಲ್ಲಿ ನಿಂತು ಯೋಚಿಸುತ್ತಿರುತ್ತದೆ, ಹಿಂದಿನ ಬಾಗಿಲಿಗೆ ಅಡಿಕೆ ಮೂಟೆ ಹೊಲಿಯುವ ಸುತಲಿ ಬಿಗಿದಿರುತ್ತದೆ. ಆದರೂ ಮೊದಲ ಖರ್ಚು ಸ್ಟೀರಿಂಗಿಗೇ. ಚುಕ್ಕಾಣಿ ಬದಲಾದರೆ ಗಾಡಿಯೇ ಬದಲಾಯಿತು ಎಂದು ನಂಬುವುದನ್ನು ನಾವು ಐದು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಅಭ್ಯಾಸ ಮಾಡುವವರು. ಒಬ್ಬ ಕಾರು ಮಾಲೀಕನನ್ನು ಆಡಿಕೊಂಡು ಏನು ಬಂತು?

ಹಳೆಯ ಸ್ಟೀರಿಂಗ್ ಚಕ್ರ ಬಿಚ್ಚುವುದು ಬ್ರಹ್ಮವಿದ್ಯೆಯಲ್ಲ. ಬ್ಯಾಟರಿಯ ನೆಗೆಟಿವ್ ಕಳಚಬೇಕು. ಮುಂದಿನ ಗಾಲಿಗಳನ್ನು ನೇರ ನಿಲ್ಲಿಸಬೇಕು. ಹಾರ್ನ್ ಗುಂಡಿ ಎಬ್ಬಿಸಿದರೆ ಒಳಗೊಂದು ದೊಡ್ಡ ನಟ್ ಸಿಗುತ್ತದೆ. ಅದನ್ನು ತಿರುಗಿಸುವ ಮೊದಲು ಚಕ್ರ ಕೂತಿರುವ ಶಾಫ್ಟಿನ ತುದಿಗೂ ಚಕ್ರದ ನಡುವಿನ ಗುಂಭಕ್ಕೂ ಒಂದೇ ಗೆರೆ ಬರುವಂತೆ ಪಂಚಿನಲ್ಲಿ ಗುರುತು ಹೊಡೆಯಬೇಕು. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಸಡಿಲಿಸಿ ಅಲ್ಲೇ ಬಿಡಬೇಕು. ಮಳೆಗಾಲಗಳನ್ನು ಕುಡಿದ ಶಾಫ್ಟಿನ ಮತ್ತು ಚಕ್ರದ ಹಲ್ಲುಗಳು ಐವತ್ತು ವರ್ಷದ ದಾಂಪತ್ಯದಂತೆ ಕಚ್ಚಿಕೊಂಡಿರುತ್ತವೆ, ಜಗಳವಿಲ್ಲದೆ ಬಿಡುವುದಿಲ್ಲ. ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ, ಬೆಳಿಗ್ಗೆ ಚಕ್ರ ಕೀಳುವ ಪುಲ್ಲರ್ ಹಾಕಿ ಎಳೆದರೆ 'ಟಕ್' ಎಂದು ಬರುತ್ತದೆ.

ನಡೆಯುವುದು ಬೇರೆ. ಗುರುತಿಲ್ಲ, ಪುಲ್ಲರಿಲ್ಲ, ನಟ್ಟಂತೂ ಆಗಲೇ ಜೇಬು ಸೇರಿದೆ. ಎರಡೂ ಮಂಡಿಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ, ಕುಲದೇವರನ್ನು ನೆನೆದು ಎಳೆಯುತ್ತಾರೆ. ಚಕ್ರ ಬರುತ್ತದೆ, ನೇರ ಹಲ್ಲಿಗೇ. ಬರದಿದ್ದರೆ ಸುತ್ತಿಗೆ. ಆ ಪೆಟ್ಟು ಶಾಫ್ಟಿನುದ್ದಕ್ಕೂ ಇಳಿದು ಬೇರಿಂಗಿಗೆ, ಕೆಳಗಿನ ಗೇರಿನ ಹಲ್ಲಿಗೆ ತಲುಪುತ್ತದೆ. ಮಾಲೀಕನಿಗೆ ಸುದ್ದಿ ತಲುಪುವುದು ಮಾತ್ರ ಆರು ತಿಂಗಳ ನಂತರ.

ಆಮೇಲೆ ಬಾಸ್. ಹೊಸ ಚಕ್ರಕ್ಕೂ ಹಳೆಯ ಶಾಫ್ಟಿಗೂ ನಡುವೆ ಕೂರುವ ಅಡಾಪ್ಟರಿನ ಹೆಸರದು. ನಮ್ಮಲ್ಲಿ ಬಾಸ್ ಯಾರೆಂಬ ಪ್ರಶ್ನೆಗೆ ಅಭಿಮಾನಿಗಳು ಕೈಕೈ ಮಿಲಾಯಿಸುತ್ತಾರೆ; ಗ್ಯಾರೇಜಿನಲ್ಲಿ ಉತ್ತರ ಸರಳ, ಶಾಫ್ಟಿನ ಹಲ್ಲಿಗೆ ಹೊಂದುವವನೇ ಬಾಸ್. ಹಲ್ಲಿನ ಲೆಕ್ಕ ಒಂದು ತಪ್ಪಿದರೂ ಅವನು ಬಾಸ್ ಅಲ್ಲ. ಚಕ್ರದ ಕಡೆಗೂ ಲೆಕ್ಕವಿದೆ. ಮೊಮೊ, ಸ್ಪಾರ್ಕೊ ಕಂಪನಿಗಳ ಮಾದರಿಯಲ್ಲಿ ಆರು ತೂತುಗಳು 70 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ, ನಾರ್ಡಿ ಮಾದರಿಯಲ್ಲಿ 74ರ ಮೇಲೆ. ನಾಲ್ಕೇ ಮಿಲಿಮೀಟರ್ ತಾನೆ ಎಂದು ರೌಂಡ್ ಫೈಲಿನಲ್ಲಿ ತೂತನ್ನು ಮೊಟ್ಟೆಯಾಕಾರಕ್ಕೆ ಉಜ್ಜಿ, ಆರರಲ್ಲಿ ಮೂರು ಬೋಲ್ಟ್ ಕೂತವೆಂದು ಚಾ ತರಿಸುವವರಿದ್ದಾರೆ. ಶಾಫ್ಟಿಗೆ ಬಾಸ್ ಸಿಗದಿದ್ದರೆ ಯಾವುದೋ ವ್ಯಾನಿನದನ್ನು ಲೇತಿನಲ್ಲಿ ಕೊರೆಸಿ ವೆಲ್ಡ್ ಮಾಡಿಸುವ ಧೀರರೂ ಇದ್ದಾರೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಏಳನೆಯದರಲ್ಲಿ ವೆಲ್ಡಿಂಗ್ ಬಿಟ್ಟು ಚಕ್ರ ಕೈಗೇ ಬಂದರೆ ಉಳಿದ ಏಳಕ್ಕೆ ಸ್ಟೀರಿಂಗಿನ ಅಗತ್ಯ ಬೀಳುವುದಿಲ್ಲ.

ಹಾರ್ನಿನದು ಇನ್ನೊಂದು ಕಥೆ. ಗುಂಡಿ ಒತ್ತಿದಾಗ ತಂತಿ ಬಾಡಿಗೆ ತಾಗಿ ಅರ್ಥ್ ಆಗುವುದರಿಂದಲೇ ಈ ಗಾಡಿಗಳ ಹಾರ್ನ್ ಕೂಗುವುದು. ಬಾಸಿನ ಹಿಂದಿನ ತಾಮ್ರದ ಬಳೆ ಕಾಂಟ್ಯಾಕ್ಟಿಗೆ ತಾಗದಿದ್ದರೆ ಮೌನವ್ರತ. ಇನ್ಸುಲೇಶನ್ ವಾಷರ್ ಮರೆತರೆ ತೀರ್ಥಹಳ್ಳಿಯಿಂದ ಶಿವಮೊಗ್ಗದ ಗಾಂಧಿ ಬಜಾರಿನವರೆಗೆ ಅಖಂಡ ಭಜನೆ. ಇಂಡಿಕೇಟರನ್ನು ತಾನಾಗಿ ಆರಿಸುವ ಗೂಟಕ್ಕೆ ಬಾಸಿನಲ್ಲಿ ಜಾಗ ಬಿಟ್ಟಿರದಿದ್ದರೆ ಬಲಕ್ಕೆ ತಿರುಗಿ ಹತ್ತು ಕಿಲೋಮೀಟರ್ ಆದಮೇಲೂ ಗಾಡಿ 'ಬಲಕ್ಕೆ, ಬಲಕ್ಕೆ' ಎಂದು ಕಣ್ಣು ಹೊಡೆಯುತ್ತಲೇ ಇರುತ್ತದೆ. ಇತ್ತೀಚೆಗೆ ಅದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ತೋಳಿಗೆ ವ್ಯಾಯಾಮ. ಪವರ್ ಸ್ಟೀರಿಂಗ್ ಇಲ್ಲದ ಕಾಲದಲ್ಲಿ ಚಕ್ರ ದೊಡ್ಡದಾಗಿದ್ದದ್ದು ಅಜ್ಜನ ಗತ್ತಿಗಲ್ಲ. 16 ಇಂಚಿನ ಜಾಗಕ್ಕೆ 12 ಇಂಚು ಬಂದರೆ ಅದೇ ತಿರುವಿಗೆ ಕೈ ಹಾಕಬೇಕಾದ ಬಲ ಮೂರನೇ ಒಂದು ಪಾಲು ಹೆಚ್ಚುತ್ತದೆ. ಜೊತೆಗೆ ಅಗಲ ಟೈರು ಹಾಕಿಸಿದ್ದರೆ ದುರ್ಗಿಗುಡಿಯ ಸಂದಿಯಲ್ಲಿ ಗಾಡಿ ಪಾರ್ಕ್ ಮಾಡಲು ಇಬ್ಬರು ಬೇಕು, ಒಬ್ಬ ತಿರುಗಿಸಲಿಕ್ಕೆ, ಒಬ್ಬ ಬೆವರು ಒರೆಸಲಿಕ್ಕೆ.

ನಿಜವಾದ ಚೋದ್ಯ ಪ್ಲೇ ವಿಷಯದ್ದು. ಗಾಲಿ ಅಲುಗದೆ ಸ್ಟೀರಿಂಗ್ ಎಷ್ಟು ಆಡುತ್ತದೋ ಅದು ಪ್ಲೇ. ಹಳೆಯ ಚಕ್ರದ ಅಂಚಿನಲ್ಲಿ ನಾಲ್ಕು ಇಂಚು ಇದ್ದದ್ದು ಹೊಸದರಲ್ಲಿ ಮೂರೇ ಇಂಚು ಕಾಣುತ್ತದೆ. 'ನೋಡಿ, ಕಾಲುಭಾಗ ಕಮ್ಮಿ ಆಯ್ತು' ಎಂದು ಮಾಲೀಕ ಕಣ್ಣರಳಿಸುತ್ತಾನೆ. ಸವೆದದ್ದು ಸವೆದಲ್ಲೇ ಇದೆ, ಚಿಕ್ಕದಾದದ್ದು ಅಳತೆಗೋಲು. ಸರ್ಕಾರಿ ವರದಿಗಳಲ್ಲಿ ಬಡತನ ಇಳಿಯುವ ಬಗೆಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 98ನೇ ನಿಯಮದ ಔದಾರ್ಯ ಇನ್ನೂ ದೊಡ್ಡದು. ಅದು 30 ಡಿಗ್ರಿವರೆಗಿನ ಪ್ಲೇ ಒಪ್ಪುತ್ತದೆ, ಎಂದರೆ ಗಡಿಯಾರದ ಮುಖದಲ್ಲಿ ಇಡೀ ಒಂದು ಗಂಟೆ. ಸ್ಟೀರಿಂಗಿನ ಗುಂಡು ಕೀಲುಗಳಾದ ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕೆಂದೂ ಅದೇ ನಿಯಮ ಹೇಳುತ್ತದೆ. ಜಾಯಿಂಟಿನ ಟೋಪಿ ಯಾವಾಗಲೋ ಹರಿದುಹೋಗಿದೆ, ಈಗ ಟೋಪಿ ಬಿದ್ದಿರುವುದು ಮಾಲೀಕನಿಗೆ.

ಗಾಡಿಯ ಮೂತಿಯನ್ನು ಜಾಕಿನ ಮೇಲೆ ಎತ್ತಿ, ಗಾಲಿಯನ್ನು ಮೂರು–ಒಂಬತ್ತರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಗಾಲಿಯನ್ನು ತಿರುಗಿಸುವ ಸರಳಿನ ತುದಿಯ ಕೀಲು, ಟೈ ರಾಡ್ ಎಂಡ್, ಸತ್ಯ ಹೇಳುತ್ತದೆ. ಹನ್ನೆರಡು–ಆರರಲ್ಲಿ ಅಲ್ಲಾಡಿಸಿದರೆ ಗಾಲಿಯ ಬೇರಿಂಗ್, ಗಾಲಿ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್ ಪಿನ್. ಎಂಡ್ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ, ನಿಪ್ಪಲ್ಲುಗಳಿಗೆ ಗ್ರೀಸ್ ತುಂಬಿದರೆ ಅಜ್ಜನ ಚಕ್ರವೇ ಬೆಣ್ಣೆಯಂತೆ ತಿರುಗುತ್ತದೆ. ಅದರ ಬಿರುಕಿಗೂ ಮದ್ದಿದೆ: ಬಿರುಕನ್ನು ವಿ ಆಕಾರಕ್ಕೆ ಕೆರೆದು, ಎಪಾಕ್ಸಿ ತುಂಬಿ, ಒಂದು ದಿನ ಒಣಗಿಸಿ, 120ರ ಮರಳು ಕಾಗದದಿಂದ ಶುರುಮಾಡಿ 400ರವರೆಗೆ ಉಜ್ಜಿ ಬಣ್ಣ ಹೊಡೆಯುವುದು. ಆದರೆ ಗಾಡಿ ಅಡಿಯ ಟೈ ರಾಡಿನ ಜೊತೆ ಸೆಲ್ಫಿ ತೆಗೆದುಕೊಳ್ಳಲಾಗುವುದಿಲ್ಲವಲ್ಲ.

ಕೊನೆಗೆ ರ‍್ಯಾಲಿಯ ಆಸೆ ಹುಟ್ಟುತ್ತದೆ, ವಿಂಟೇಜ್ ನಂಬರಿನ ಆಸೆ ಹುಟ್ಟುತ್ತದೆ. ಅದೇ ನಿಯಮಾವಳಿಯ 2021ರ ತಿದ್ದುಪಡಿಯಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಸರಣಿಯ ಪ್ಲೇಟು. ಹೊಸ ನೋಂದಣಿಗೆ 20,000 ರೂಪಾಯಿ. 'ಮೂಲ ರೂಪ' ಎಂಬಲ್ಲಿಗೆ ಬಂದಾಗ ಕೆಂಪು ಹೊಲಿಗೆ ಕಣ್ಣಿಗೆ ಚುಚ್ಚುತ್ತದೆ. ಮಾಲೀಕ ಗ್ಯಾರೇಜಿಗೆ ಓಡುತ್ತಾನೆ. ಮೆಕ್ಯಾನಿಕ್ ಕೇಳುತ್ತಾನೆ:

'ಹಳೇ ಚಕ್ರ ಎಲ್ಲಿಟ್ರಿ ಭಟ್ರೇ?'

'ಮೊಮ್ಮಗ ಹಿಡ್ಕೊಂಡು ಅಂಗಳ ತುಂಬ ಬುರ್ರ್ ಅಂತ ಓಡಿಸ್ತಾ ಇದ್ದ ಮಾರಾಯ.'

'ಅವನ ಗಾಡೀನೇ ರ‍್ಯಾಲಿಗೆ ಕಳ್ಸಿ. ಅದ್ರಲ್ಲಿ ಪ್ಲೇ ಇಲ್ಲ.'