ಕ್ಯಾನ್ಸರ್ ಅಂತ ಹೇಳಿದರೆ ರೋಗಿ ಬೇಗ ಸಾಯುತ್ತಾರಾ? ಒಂದು ಸ್ಪಷ್ಟನೆ

‘ರೋಗಿಗೆ ಕ್ಯಾನ್ಸರ್ ಅಂತ ಹೇಳಲೇಬೇಡಿ, ಎದೆಗುಂದಿ ಬೇಗ ಹೋಗಿಬಿಡ್ತಾರೆ’ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ಸರಿಯಲ್ಲ.

ಆಘಾತ ಆಗುವುದಂತೂ ನಿಜ. ಆ ಒಂದು ಪದ ಕಿವಿಗೆ ಬಿದ್ದ ಮೇಲೆ ಡಾಕ್ಟರ್ ಹೇಳಿದ್ದು ಎಷ್ಟೋ ಜನರ ತಲೆಗೆ ಹೋಗುವುದೇ ಇಲ್ಲ. ನಿದ್ದೆ ಹಾರುತ್ತದೆ, ಊಟ ಸೇರುವುದಿಲ್ಲ, ಸುಮ್ನೆ ಸಿಟ್ಟು ಬರುತ್ತದೆ. ಹೆಚ್ಚಿನವರಲ್ಲಿ ಇದು ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ‘ಬದುಕಿ ಏನು ಮಾಡಲಿ’ ಎಂಬ ಮಾತು ಬಂದರೆ, ತಡ ಮಾಡದೆ ವೈದ್ಯರಿಗೆ ತಿಳಿಸಿ.

ಮುಚ್ಚಿಟ್ಟರೂ ಗುಟ್ಟು ಉಳಿಯುವುದು ಕಷ್ಟ. ಕೂದಲು ಉದುರುತ್ತದೆ, ಮನೆಯವರು ಆಚೆ ಹೋಗಿ ಫೋನಲ್ಲಿ ಪಿಸುಗುಡುತ್ತಾರೆ. ರೋಗಿಗೆ ಗೊತ್ತಾಗುವುದಿಲ್ವಾ? ಆಗ ಭಯದ ಜೊತೆ ಒಂಟಿತನವೂ ಸೇರುತ್ತದೆ.

ವೈದ್ಯರೂ ಹಿಂದೆ ಮುಚ್ಚಿಡುತ್ತಿದ್ದರು. ಅಮೆರಿಕದ 1961ರ ಒಂದು ಸಮೀಕ್ಷೆಯಲ್ಲಿ ಸುಮಾರು 90% ವೈದ್ಯರು ಹೇಳದಿರುವುದೇ ವಾಸಿ ಎಂದಿದ್ದರು. 1979ರಲ್ಲಿ 97% ಹೇಳುವುದರ ಪರ ನಿಂತರು.

ಹಾಗಂತ ಎಲ್ಲವನ್ನೂ ಒಂದೇ ಸಲ ಸುರಿಯಬೇಕಿಲ್ಲ. ಕೆಲವರಿಗೆ ಪೂರ್ತಿ ವಿವರ ಬೇಡ. ‘ಎಷ್ಟು ತಿಳಿಯಬೇಕು ಅನ್ನಿಸುತ್ತದೆ?’ ಎಂದು ಮೊದಲು ಅವರನ್ನೇ ಕೇಳಿ.