ನೀಲಿ ಕಣ್ಣಿನ ಬಿಳಿ ಮರಿ ಬೇಕು ಅನ್ನುವ ಮುಂಚೆ

ಹೋದ ವಾರ ಅತ್ತಿಗೆ ನಮ್ಮ ಮುತ್ತುವಿನ ಫೋಟೋ ನೋಡಿ, "ನಮಗೂ ಇಂಥದ್ದೇ ಒಂದು ಕೊಡಿಸೋ, ಬಿಳಿ ಮೈ, ನೀಲಿ ಕಣ್ಣು" ಅಂದರು. ಬೇಡ ಅತ್ತಿಗೆ ಅಂದೆ. ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮುತ್ತು ಪರ್ಷಿಯನ್ ಬೆಕ್ಕು. ಅವಳಿಗೆ ಎರಡೂ ಕಿವಿ ಕೇಳಿಸಲ್ಲ. ಅದು ಗೊತ್ತಾಗೋಕೆ ನಮಗೆ ಒಂದು ತಿಂಗಳು ಬೇಕಾಯಿತು. ಅಡುಗೆಮನೆ ಬಾಗಿಲಲ್ಲಿ ಮಲಗಿರುತ್ತಿದ್ದಳು. ಕುಕ್ಕರ್ ಕೂಗಿದರೂ ಕಿವಿ ಅಲ್ಲಾಡುತ್ತಿರಲಿಲ್ಲ. ಆದರೆ ತಟ್ಟೆ ನೆಲಕ್ಕೆ ಬಿದ್ದರೆ ತಟ್ಟನೆ ಏಳುತ್ತಿದ್ದಳು, ಹಾಗಾಗಿ ಕೇಳಿಸುತ್ತೆ ಅಂದುಕೊಂಡೆವು. ನೆಲ ಅದುರಿದ್ದು ಹೊಟ್ಟೆಗೆ ತಾಗಿ ಏಳುತ್ತಿದ್ದಳು ಅಷ್ಟೇ. ಒಂದು ದಿನ ಹಾಸಿಗೆ ಮೇಲೆ ಮಲಗಿದ್ದಾಗ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಹಾಗೇ ನಿದ್ದೆ ಮಾಡುತ್ತಿದ್ದಳು.

ಮರಿ ಕೊಟ್ಟವರು "ಅಪ್ಪ ಅಮ್ಮ ಇಬ್ಬರೂ ಪ್ಯೂರ್ ವೈಟ್" ಅಂತ ಹೆಮ್ಮೆಯಿಂದ ಹೇಳಿದ್ದರು. ನಾನೂ ಖುಷಿಪಟ್ಟಿದ್ದೆ. ತೊಂದರೆ ಶುರುವಾಗಿದ್ದೇ ಅಲ್ಲಿ.

ಪೂರ್ತಿ ಬಿಳಿ ಬೆಕ್ಕಿನ ಒಳಗೆ ಕಪ್ಪೋ ಕೆಂಪೋ ಯಾವುದೋ ಒಂದು ಬಣ್ಣ ಇದ್ದೇ ಇರುತ್ತೆ. ಕಿಟ್ ಅನ್ನೋ ಜೀನಿನ ಒಂದು ಬದಲಾವಣೆ ಅದನ್ನು ಮುಚ್ಚಿಬಿಡುತ್ತೆ. ಮರಿ ಹೊಟ್ಟೆಯಲ್ಲಿರುವಾಗ ಬಣ್ಣದ ಕೋಶಗಳು ಬೆನ್ನುಹುರಿ ಕಡೆಯಿಂದ ಹೊರಟು ಚರ್ಮ, ಕಣ್ಣು, ಒಳಕಿವಿಗೆ ಹೋಗಿ ಸೇರಬೇಕು. ಈ ಜೀನ್ ಇದ್ದರೆ ಎಷ್ಟೋ ಕೋಶಗಳು ತಲುಪುವುದೇ ಇಲ್ಲ. ಕಣ್ಣಿಗೆ ತಲುಪದಿದ್ದರೆ ಕಣ್ಣು ನೀಲಿ. ಒಳಕಿವಿಯ ದ್ರವದಲ್ಲಿ ಲವಣ ಹದವಾಗಿರಬೇಕಾದರೆ ಇದೇ ಕೋಶಗಳು ಬೇಕು. ಅವಿಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಕೇಳುವ ಅಂಗ ಕುಸಿದುಹೋಗುತ್ತೆ. ಮತ್ತೆ ಸರಿಯಾಗಲ್ಲ.

ನೀಲಿ ಕಣ್ಣಿನ ಬಿಳಿ ಬೆಕ್ಕು ಸಾಮಾನ್ಯವಾಗಿ ಕಿವುಡು ಅಂತ ಡಾರ್ವಿನ್ ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿದ್ದರು. ಈಗ ಸಾಮಾನ್ಯವಾಗಿ ಕೊಡುವ ಲೆಕ್ಕದ ಪ್ರಕಾರ ಎರಡೂ ಕಣ್ಣು ನೀಲಿಯಿದ್ದರೆ 100ಕ್ಕೆ 65ರಿಂದ 85 ಕಿವುಡು, ಒಂದೇ ನೀಲಿಯಿದ್ದರೆ ಸುಮಾರು 40, ಬೇರೆ ಬಣ್ಣದ ಕಣ್ಣಿದ್ದರೆ 20ರ ಆಸುಪಾಸು. (ಸಯಾಮೀಸ್ ಬೆಕ್ಕಿನ ನೀಲಿ ಕಣ್ಣು ಬೇರೆ ಜೀನಿಂದ ಬರುತ್ತೆ, ಅದಕ್ಕೂ ಕಿವುಡಿಗೂ ಸಂಬಂಧವಿಲ್ಲ.)

ಬಿಳಿಗೆ ಬಿಳಿ ಕೂಡಿಸಿದರೆ ಕೆಲವು ಮರಿಗಳಿಗೆ ಈ ಜೀನ್ ಎರಡೂ ಕಡೆಯಿಂದ ಬರುತ್ತೆ, ಅಪಾಯ ಇನ್ನೂ ಜಾಸ್ತಿ. ಬಣ್ಣದ ಬೆಕ್ಕಿನ ಜೊತೆ ಕೂಡಿಸಿದರೆ ಅಪಾಯ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ. ಅದಕ್ಕೇ ಕಿವಿ ಪರೀಕ್ಷೆ ಆಗದ ಬಿಳಿ ಬೆಕ್ಕಿನಿಂದ ಮರಿ ಮಾಡಿಸುವುದು ತಪ್ಪು ಅಂತಲೇ ನಾನು ಹೇಳುವುದು. ಚಪ್ಪಾಳೆ ಸಾಲದು, ಒಂದೇ ಕಿವಿ ಕಿವುಡಾಗಿದ್ದರೆ ಅದರಲ್ಲಿ ಗೊತ್ತಾಗಲ್ಲ. ಬೇರ್ ಅನ್ನೋ ಪರೀಕ್ಷೆ ಇದೆ. ಒಂದೊಂದೇ ಕಿವಿಗೆ ಟಿಕ್ ಟಿಕ್ ಸದ್ದು ಕೇಳಿಸಿ, ತಲೆಗೆ ಹಾಕಿದ ಸಣ್ಣ ಸೂಜಿಗಳಿಂದ ಮಿದುಳಿನ ಅಲೆ ನೋಡುತ್ತಾರೆ.

ಇನ್ನೊಂದು ವಿಷಯ. ಕೆಲವು ಬಿಳಿ ಮರಿಗಳ ನೆತ್ತಿ ಮೇಲೆ ಮಸಿ ಒರೆಸಿದಂಥ ಸಣ್ಣ ಗುರುತಿರುತ್ತೆ, ದೊಡ್ಡದಾಗುತ್ತಾ ಮಾಸಿಹೋಗುತ್ತೆ. ಕೊಳ್ಳುವವರು ಅದನ್ನೇ ದೋಷ ಅಂದುಕೊಂಡು ಬೇಡ ಅನ್ನುತ್ತಾರೆ. ಆ ಮಸಿ ಇದ್ದರೆ ಬಿಳಿ ಜೀನ್ ಒಂದೇ ಕಡೆಯಿಂದ ಬಂದಿದೆ ಅಂತ ಲೆಕ್ಕ. ಅಂಥ ಮರಿಗೆ ಕಿವಿ ಕೇಳಿಸುವ ಸಾಧ್ಯತೆ ಜಾಸ್ತಿ. ಅತ್ತಿಗೆ, ಬಿಳಿಯದೇ ಬೇಕಿದ್ದರೆ ಅಂಥದ್ದನ್ನು ಕೇಳಿ. ಕಿವಿ ಪರೀಕ್ಷೆಯ ರಿಪೋರ್ಟ್ ಕೈಗೆ ಬರುವವರೆಗೂ ಅಡ್ವಾನ್ಸ್ ಕೊಡಬೇಡಿ.