ಸೆಟ್ ಆಯ್ತಾ?

ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗನಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಗೋ, ವೆಂಟ್, ಗಾನ್ ಅಂತ ಬಾಯಿಪಾಠ ಮಾಡಿ ಸುಸ್ತಾಗಿದ್ದವನು 'ಸೆಟ್' ಬಂದ ಕೂಡಲೇ ಅರಳಿದ. ಸೆಟ್, ಸೆಟ್, ಸೆಟ್. ಇವತ್ತು ಇಟ್ಟರೂ ಅದೇ, ನಿನ್ನೆ ಇಟ್ಟರೂ ಅದೇ. "ಅದಕ್ಕೇ ಆಂಟಿ, ಸೆಟ್ ದೋಸೆ ಕೇಳಿದ್ರೆ ಮೂರು ಕೊಡೋದು!" ಅಂದ. ವ್ಯಾಕರಣವನ್ನು ಇಷ್ಟು ರುಚಿಯಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಅರ್ಥದ ಗೋಳು ಶುರುವಾಯಿತು. ಸೂರ್ಯ ಸೆಟ್ ಆದರೆ ಮುಳುಗಿದ. ಸಿಮೆಂಟ್ ಸೆಟ್ ಆದರೆ ಗಟ್ಟಿಯಾಯಿತು. 'ಸೆಟ್ ಆಫ್' ಅಂದರೆ ಹೊರಟರು. ಅಲಾರಂ ಸೆಟ್ ಮಾಡಿದರೆ ಅಲಾರಂ ಏಳುತ್ತದೆ, ನಾವು ಏಳುವುದು ಬೇರೆ ವಿಷಯ. 1989ರ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿ 20 ಸಂಪುಟದ್ದು. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇರುವುದು ಈ ಪುಟ್ಟ 'ಸೆಟ್'ಗೆ, ಸುಮಾರು 60,000 ಪದ. ಹುಡುಗನಿಗೆ ಇದನ್ನು ಹೇಳಲಿಲ್ಲ. ಪಾಪ, ಮಾರನೇ ದಿನ ಟೆಸ್ಟ್ ಇತ್ತು.

ಟೆಸ್ಟಿನಲ್ಲಿ 'ಮದರ್ ಸೆಟ್ ದ ಟೇಬಲ್' ಎಂಬುದಕ್ಕೆ 'ಅಮ್ಮ ಟೇಬಲ್ ಫಿಟ್ ಮಾಡಿದಳು' ಎಂದು ಬರೆದು ಬಂದ. ಅವನನ್ನು ಬೈಯುವುದು ಹೇಗೆ? ಹಿಂದಿನ ವಾರವಷ್ಟೇ ಡಬ್ಬದಲ್ಲಿ ಬಿಡಿ ಬಿಡಿಯಾಗಿ ಬಂದ ಊಟದ ಟೇಬಲನ್ನು ಅವನಮ್ಮ ಸ್ಕ್ರೂಡ್ರೈವರ್ ಹಿಡಿದು ಜೋಡಿಸಿದ್ದರು. ತಟ್ಟೆ, ಲೋಟ, ಚಮಚ ಇಟ್ಟು ಊಟಕ್ಕೆ ಅಣಿ ಮಾಡುವುದು ಕಣೋ ಅಂತ ನಾನು ಬಿಡಿಸಿ ಹೇಳಿದೆ. ಹೂವು ಕಟ್ಟುತ್ತಾ ಕೂತಿದ್ದ ಅವನಜ್ಜಿ ತಲೆ ಎತ್ತದೆ, "ಎಲೆ ಹಾಕೋದು ಅನ್ನು, ಮುಗೀತು" ಅಂದರು.

ಅಷ್ಟೊಂದು ಅರ್ಥ ಸಾಲದು ಅಂತ ನಾವೂ ನಮ್ಮ ಕೈಲಾದಷ್ಟು ಸೇರಿಸಿದ್ದೇವೆ. ಈ ಊರಿನ ನೀರು ನಂಗೆ ಸೆಟ್ ಆಗಲ್ಲ ಅನ್ನುತ್ತೇವೆ. ಹುಡುಗ-ಹುಡುಗಿ ಸೆಟ್ ಆದ್ರು ಅನ್ನುತ್ತೇವೆ. ಅಲ್ಲೇ ನಮ್ಮಮ್ಮ ಸಿಕ್ಕಿಬಿದ್ದಿದ್ದು.

ತಿಪಟೂರಿನ ದೊಡ್ಡಮ್ಮ ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಒಂದು ಬೆಳಿಗ್ಗೆ ಫೋನ್ ಬಂತು. "ಅಂತೂ ಸೆಟ್ ಆಯ್ತು ಕಣೇ!"

ಅಮ್ಮನಿಗೆ ಕಣ್ಣಲ್ಲಿ ನೀರು. "ಹೇಗಿದೆ ಅಕ್ಕ ನೋಡೋಕೆ?"

"ಬೆಳ್ಳಗಿದೆ, ಲಕ್ಷಣವಾಗಿದೆ. ಮನೆಗೇ ಒಂದು ಕಳೆ ಬಂತು."

"ಖರ್ಚು ಜಾಸ್ತಿ ಆಗುತ್ತೇನೋ?"

"ಆಗ್ಲಿ ಬಿಡೆ, ಜೀವನದಲ್ಲಿ ಒಂದ್ಸಲ. ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕಂತೆ."

ಅಮ್ಮ ಸನ್ನೆಯಲ್ಲೇ ನನ್ನಿಂದ ಮೈಸೂರಿನ ಚಿಕ್ಕಮ್ಮನಿಗೆ ವಾಟ್ಸಾಪ್ ಹಾಕಿಸಿದರು. ಚಿಕ್ಕಮ್ಮ ತಕ್ಷಣ 'ಛತ್ರ ಯಾವುದು?' ಎಂದು ಕೇಳಿದರು. ಅದನ್ನೇ ಅಮ್ಮ ಫೋನಿನಲ್ಲಿ ಕೇಳಬೇಕು ಅನ್ನುವಷ್ಟರಲ್ಲಿ ದೊಡ್ಡಮ್ಮ ಮಾತು ಮುಂದುವರಿಸಿದರು.

"ರಾತ್ರಿ ಮಾತ್ರ ತೆಗೆದು ನೀರಲ್ಲಿ ಹಾಕಿಡಬೇಕಂತೆ. ನಿಮ್ಮ ಭಾವ ಎಲ್ಲಿ ಮರೀತಾರೋ ಅಂತ ನನಗೆ ಭಯ. ಹಳೇ ಹಲ್ಲುಸೆಟ್ಟು ಕಳೆದಿದ್ದೇ ಹಾಗೆ."